ಏಳರಿಂದ ಎಂಟಕ್ಕೆ

ಮಕ್ಕಳ ವಯಸ್ಸಿಗೆ ತಕ್ಕಂತೆ ಶಾಲಾ ಶಿಕ್ಷಣವನ್ನು ಹಂತಗಳಾಗಿ ವಿಂಗಡಿಸುವುದು ಎಲ್ಲ ಕಡೆಯೂ ಉಂಟು. ಕರ್ನಾಟಕದಲ್ಲಿ 1ರಿಂದ 5 ಕಿರಿಯ ಪ್ರಾಥಮಿಕ, 6 ಮತ್ತು 7 ಹಿರಿಯ ಪ್ರಾಥಮಿಕ, 8ರಿಂದ 10 ಪ್ರೌಢಶಾಲೆ, ಆಮೇಲೆ ಎರಡು ವರ್ಷ ಪಿ.ಯು.ಸಿ. ಕೊಠಾರಿ ಆಯೋಗ 1966ರಲ್ಲಿ 10+2+3 ಎಂದಿತು. 2020ರ ರಾಷ್ಟ್ರೀಯ ನೀತಿ ಮೂರನೆಯ ವಯಸ್ಸಿನಿಂದಲೇ ಎಣಿಸಿ 5+3+3+4 ಎಂದಿತು. ಲೆಕ್ಕ ಯಾವುದೇ ಇರಲಿ, ಮಗು ಎಡವುವುದು ಒಂದು ಹಂತ ಮುಗಿದು ಇನ್ನೊಂದು ತೊಡಗುವ ಹೊಸ್ತಿಲಲ್ಲಿ.

ನಮ್ಮ ಹಳ್ಳಿಗಳ ಪಾಲಿಗೆ ಆ ಹೊಸ್ತಿಲು ಏಳನೆಯ ತರಗತಿ. ಹಿಂದೆ ಮುಂಬಯಿ ಕರ್ನಾಟಕದಲ್ಲಿ ಏಳನೆಯ ಮುಲ್ಕಿ ಪರೀಕ್ಷೆ ಪಾಸಾದವರು ಕನ್ನಡ ಶಾಲೆಯ ಮಾಸ್ತರರಾಗಬಹುದಿತ್ತು. ಅಂದು ಏಳು ಎಂದರೆ ಓದು ಮುಗಿದ ಹಾಗೆಯೇ. ಈಗ ಕಾಲ ಬದಲಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಎಂಟನೆಯ ತರಗತಿಯವರೆಗೂ ಒಂದೇ ಹಂತ ಎನ್ನುತ್ತದೆ. ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಂಟನೆಯ ತರಗತಿಯೂ ಇದೆ. ಉಳಿದೆಡೆ ಎಂಟಕ್ಕೆ ಬೇರೆ ಶಾಲೆ, ಎಷ್ಟೋ ಸಲ ಬೇರೆ ಊರು. 2006-07ರಲ್ಲಿ ಸರಕಾರ ಎಂಟನೆಯ ತರಗತಿಗೇ ಸೈಕಲ್ ಕೊಡತೊಡಗಿದ್ದು ಸುಮ್ಮನೆ ಅಲ್ಲ.

ಮಂಜುಗಡ್ಡೆಯನ್ನು ಕಾಯಿಸಿದರೆ ಸೊನ್ನೆ ಡಿಗ್ರಿಯಲ್ಲಿ ಉಷ್ಣಮಾಪಕ ನಿಂತುಬಿಡುತ್ತದೆ. ಗಡ್ಡೆ ಪೂರ್ತಿ ಕರಗುವವರೆಗೆ ಮೇಲೇರುವುದಿಲ್ಲ. ಗ್ರಾಮಿಗೆ 80 ಕ್ಯಾಲೊರಿಯಷ್ಟು ಶಾಖ ಗಡ್ಡೆ ನೀರಾಗುವುದಕ್ಕೇ ವೆಚ್ಚವಾಗುತ್ತದೆ. ಇದೇ ಗುಪ್ತೋಷ್ಣ. ಎಂಟಕ್ಕೆ ಬಂದ ಮಗುವಿನದೂ ಇದೇ ಸ್ಥಿತಿ. ಹೊಸ ಶಾಲೆ, ವಿಷಯಕ್ಕೊಬ್ಬ ಮೇಷ್ಟ್ರು, ದಪ್ಪ ಪುಸ್ತಕ, ಜತೆಗೆ ಬೆಳೆಯುತ್ತಿರುವ ಮೈ. ಶ್ರಮವೆಲ್ಲ ಹೊಂದಿಕೊಳ್ಳುವುದಕ್ಕೇ ಹೋಗಿ ಅಂಕ ಏರುವುದಿಲ್ಲ, ಇಳಿಯುವುದೂ ಉಂಟು.

ಆಗಲೇ ಮನೆಯಲ್ಲಿ ತೀರ್ಪು ಹೊರಡುತ್ತದೆ. "ಇವನ ತಲೆಗೆ ಓದು ಹತ್ತೋದಿಲ್ಲ" ಎಂದು ಅಪ್ಪ, "ಹೆಣ್ಣುಹುಡುಗಿ, ಅಷ್ಟು ದೂರ ಯಾಕೆ ಕಳಿಸ್ತೀರಿ?" ಎಂದು ಅಜ್ಜಿ. ಮೊದಲ ಕಿರುಪರೀಕ್ಷೆಯ ಅಂಕ ನೋಡಿ ಒಂದು ಬದುಕನ್ನು ಅಳೆದುಬಿಡುತ್ತಾರೆ. ಗಡ್ಡೆ ಕರಗುತ್ತಿರುವಾಗ ಒಲೆ ಆರಿಸಿದರೆ ನೀರು ಕಾಯುವುದೆಲ್ಲಿಂದ?

ಪಾಲಕರು ದಸರೆಯ ರಜೆಯವರೆಗಾದರೂ ತಾಳಬೇಕು. ಅಷ್ಟರೊಳಗೆ ಒಮ್ಮೆ ಹೊಸ ಶಾಲೆಗೆ ಹೋಗಿ ಗಣಿತ, ವಿಜ್ಞಾನ, ಇಂಗ್ಲಿಷ್ ಮೇಷ್ಟ್ರುಗಳನ್ನು ಬೇರೆ ಬೇರೆಯಾಗಿ ಕಂಡು ಮಾತಾಡಬೇಕು. ಮಕ್ಕಳೂ ಅಷ್ಟೇ, ತಿಳಿಯದ್ದನ್ನು ತರಗತಿಯಲ್ಲೇ ಕೇಳಿಬಿಡಬೇಕು. ದೂರದ ದಾರಿಗೆ ಊರಿನ ನಾಲ್ಕು ಹುಡುಗಿಯರು ಜತೆಯಾದರೆ ಅಜ್ಜಿಯ ಭಯವೂ ಅರ್ಧ ಕಡಿಮೆಯಾಗುತ್ತದೆ.