ಕೊಳ್ಳುವವರ ಸಮಯ

ಚನ್ನಪಟ್ಟಣದ ನಮ್ಮ ಗೊಂಬೆ ಅಂಗಡಿಯ ಪತ್ರವ್ಯವಹಾರ ಈಗ ಬಿ.ಕಾಂ. ಓದುವ ಮಗಳದು. ಲಂಡನ್ನಿನ ವ್ಯಾಪಾರಿಯೊಬ್ಬರಿಗೆ ಬರೆದ ಮೊದಲ ಇ-ಮೇಲ್‌ನಲ್ಲೇ, ‘ಮಾತನಾಡಲು ಈ ಲಿಂಕ್ ಒತ್ತಿ ಸಮಯ ಆರಿಸಿಕೊಳ್ಳಿ’ ಎಂದಿದ್ದಳು. ಮೂರು ವಾರವಾದರೂ ಉತ್ತರವಿಲ್ಲ.

‘ಗುರುತಿಲ್ಲದೋರಿಗೆ ನಮ್ಮ ಬಾಗಿಲಲ್ಲಿ ಚೀಟಿ ತಗೊಂಡು ನಿಲ್ಲಿ ಅಂದಂಗಾಯ್ತಲ್ಲವ್ವ’ ಎಂದೆ.

‘ಅಪ್ಪ, ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ನಾಲ್ಕೂವರೆ. ಲಿಂಕ್ ಒತ್ತಿದರೆ ಅವರ ಗಡಿಯಾರದ ಸಮಯವೇ ಕಾಣುತ್ತೆ.’

ಅದೂ ನಿಜವೇ. (ಈ ಲೆಕ್ಕ ತಪ್ಪಿ ನಾನೊಮ್ಮೆ ಒಬ್ಬರನ್ನು ಅಪರಾತ್ರಿಯಲ್ಲಿ ಎಬ್ಬಿಸಿದ್ದೆ!)

ಎರಡನೆಯ ಪತ್ರದಲ್ಲಿ ಆಲೆ ಮರ, ಅರಗಿನ ಬಣ್ಣಗಳ ವಿಷಯ ಮೊದಲು. ಕೊನೆಗೆ ಲಂಡನ್ ಗಂಟೆಯಲ್ಲೇ ಎರಡು ಸಮಯ. ಅವು ಒಗ್ಗದಿದ್ದರಷ್ಟೇ ಲಿಂಕ್. ನಾಲ್ಕನೆಯ ದಿನ ಉತ್ತರ ಬಂತು. ಲಿಂಕ್ ಒತ್ತಿರಲಿಲ್ಲ, ಸಮಯವನ್ನೂ ಹೇಳಿರಲಿಲ್ಲ. ‘ಮೊದಲು ಬೆಲೆಪಟ್ಟಿ ಕಳಿಸಿ’ ಎಂದಿದ್ದರು.