ಮೂರರಲ್ಲಿ ಒಂದು

ಟೀಚರಮ್ಮನ ಕೈಯಲ್ಲಿ ಸೀಮೆಸುಣ್ಣವಿರಬೇಕು. ಭಾನುವಾರ ಬಂತೆಂದರೆ ನನ್ನ ಕೈಯಲ್ಲಿ ಕೋವಿ ಒರೆಸುವ ಹಳೇ ಪಂಚೆಯ ತುಂಡಿರುತ್ತದೆ.

ಮಾಗಡಿ ಕಡೆಯ ನನ್ನ ಸೋದರಮಾವನಲ್ಲಿ ಮೂರು ಕೋವಿಗಳಿದ್ದವು. ಅವರ ತಾತನ ಕಾಲದ ಕೇಪಿನ ಕೋವಿ, ಒಂಟಿ ನಳಿಗೆಯ ತೋಟಾ ಕೋವಿ, ಬರ್ಮಿಂಗ್‌ಹ್ಯಾಮಿನ ಹನ್ನೆರಡು ಬೋರಿನ ಜೋಡಿ ನಳಿಗೆ. ಈ ಜೋಡಿ ನಳಿಗೆಯ ತಳದಲ್ಲಿ ಪುಟ್ಟ ಕಿರೀಟದ ಮುದ್ರೆಯಿತ್ತು. ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಒಡೆಯದಿದ್ದರೆ ಒತ್ತುವ ಮುದ್ರೆಯಂತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪರೀಕ್ಷೆ ಪಾಸಾದ ಗುರುತು.

ಎಂಬತ್ತು ದಾಟಿ ಮಾವನ ಕೈ ನಡುಗತೊಡಗಿದ ಮೇಲೆ, ಅವರ ಕಣ್ಣೆದುರಿಗೇ ಕೂತು ಒರೆಸುವ ಕೆಲಸ ನನಗೆ ಬಂತು. “ಮೊದ್ಲು ಬಿಚ್ಚಿ ನೋಡವ್ವ, ಒಳಗೆ ತೋಟಾ ಇಲ್ಲ ಅಂತ ಗೊತ್ತಿದ್ರೂ ನೋಡು” ಎಂಬುದು ಅವರ ಮೊದಲ ಪಾಠ. ಬೆವರಿನ ಕೈ ತಾಗಿದರೆ ಉಕ್ಕು ತುಕ್ಕು ಹಿಡಿಯುತ್ತದೆ. ಚರ್ಮದ ಚೀಲ ಚೆಂದವೇ, ಆದರೆ ತೇವ ಹೀರುತ್ತದೆ. ಕೋವಿ ಅದರಲ್ಲಿ ಮಲಗಬಾರದು. ನಳಿಗೆಗೆ ಮೆಷಿನ್ ಎಣ್ಣೆ, ಮರದ ಹಿಡಿಗೆ ಅಗಸೆ ಎಣ್ಣೆ, ಎರಡೂ ತೆಳುವಾಗಿ. ಆಯುಧಪೂಜೆಯ ನಿಂಬೆಹುಳಿ ಕಬ್ಬಿಣಕ್ಕೆ ಆಗದೆಂದು ಅತ್ತೆ ಕುಂಕುಮವನ್ನೂ ಹೂವನ್ನೂ ಕೆಳಗೆ ಹಾಸಿದ ಬಟ್ಟೆಗೇ ಏರಿಸುತ್ತಾರೆ.

ಶಿಕಾರಿ ಎಂದುಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಮಾವ ಅದರ ಸುದ್ದಿಗೆ ಹೋಗಿಲ್ಲ. ಮನೆಗೆ ಬಂದ ಹುಡುಗರು ಮಾತ್ರ “ಗಬ್ಬರ್ ಸಿಂಗನದಾ ಟೀಚರ್?” ಎನ್ನುತ್ತಾರೆ. 1975ರ ‘ಶೋಲೆ’ ನಮ್ಮ ರಾಮನಗರದ ಬಂಡೆಗಳಲ್ಲೇ ತೆಗೆದ ಚಿತ್ರವಲ್ಲವೆ! ಚುನಾವಣೆ ಬಂದರೆ ಕೋವಿಗಳು ಠಾಣೆಗೆ ಹೋಗಿ ಕೂರುತ್ತವೆ. ಹಿಂದಿರುಗಿದ ದಿನ ನನಗೆ ದುಪ್ಪಟ್ಟು ಕೆಲಸ.

2019ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿಯಾಯಿತು. ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಹೆಚ್ಚಿನದನ್ನು ವರ್ಷದೊಳಗೆ ಒಪ್ಪಿಸಬೇಕು. ಕೇಪಿನದನ್ನೇ ಕೊಟ್ಟುಬಿಡಿ, ಅದಕ್ಕೇನು ಬೆಲೆ ಎಂದರು ಎಲ್ಲರೂ. ಮಾವ ವಾರವಿಡೀ ಮಾತಾಡಲಿಲ್ಲ. ಆಮೇಲೆ ಜೋಡಿ ನಳಿಗೆಯನ್ನು ತೆಗೆದಿಟ್ಟು ಹೇಳಿದರು: “ಇದಕ್ಕೆ ಬೆಲೆ ಐತೆ. ತಗೊಂಡೋನು ಒರೆಸಿ ಮಡೀಕತಾನೆ. ಕೇಪಿಂದು ಯಾರಿಗೂ ಬ್ಯಾಡ. ನಾನೂ ಕೈಬಿಟ್ರೆ ಗುಜರಿ ಪಾಲು.”

ತರಗತಿಯಲ್ಲಿ ಜಾಣ ಮಕ್ಕಳನ್ನು ಬಿಟ್ಟು ಹಿಂದಿನ ಬೆಂಚಿನವರ ಬಳಿ ನಿಲ್ಲಬೇಕೆಂದು ನಮಗೆ ಬಿ.ಎಡ್.ನಲ್ಲಿ ಕಲಿಸಿದ್ದರು. ಮಾವ ಯಾವ ಕಾಲೇಜಿಗೂ ಹೋದವರಲ್ಲ.

ಉಳಿದ ಎರಡಕ್ಕೆ ಮುಂದಿನ ದಿಕ್ಕು ಯಾರು? ಲೈಸೆನ್ಸುದಾರನಿಗೆ ಎಪ್ಪತ್ತಾಗಿದ್ದರೆ, ಇಲ್ಲವೆ ಕೋವಿ ಇಪ್ಪತ್ತೈದು ವರ್ಷ ಅವನಲ್ಲಿದ್ದರೆ, ವಾರಸುದಾರರು ಅರ್ಜಿ ಹಾಕಬಹುದೆನ್ನುತ್ತವೆ 2016ರ ನಿಯಮಗಳು. ಬೆಂಗಳೂರಿನ ಮಗನಿಗೆ ಆಸಕ್ತಿಯಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆಗಳಿಗೆ ಅರಗಿನ ಬಣ್ಣ ಕೊಡುವ ಕಿರಿಮಗಳು ಅರ್ಜಿ ತಂದಿಟ್ಟಿದ್ದಾಳೆ. ಮರಕ್ಕೆ ಹೊಳಪು ಬರುವವರೆಗೆ ಕಾಯುವುದು ಅವಳಿಗೆ ಗೊತ್ತು. ಹೋದ ಭಾನುವಾರ ಪಂಚೆಯ ತುಂಡನ್ನು ಅವಳಿಗೆ ಕೊಟ್ಟು ನಾನು ಪಕ್ಕಕ್ಕೆ ಕೂತೆ. ಅವಳು ಮೊದಲು ಬಿಚ್ಚಿ ನೋಡಿದಳು.