ನಮ್ಮ ಹಳೆಯ ಪಿಕಪ್ಪು

ನಮ್ಮ ಮನೆಯಲ್ಲಿ 2005ರ ಮಾಡೆಲಿನ ಒಂದು ಪಿಕಪ್ಪಿದೆ. ಅದರ ಮೀಟರು 3,60,000 ಕಿಲೋಮೀಟರು ದಾಟಿದ ಮೇಲೆ ಒಂದು ದಿನ ನಿಂತುಹೋಯಿತು. ಅಲ್ಲಿಂದೀಚೆಗೆ ಎಷ್ಟು ಓಡಿದೆ ಎಂಬುದನ್ನು ಡೀಸೆಲ್ ಖರ್ಚಿನ ಲೆಕ್ಕದಿಂದ ಊಹಿಸಬೇಕಷ್ಟೆ. ಕಲ್ಪೆಟ್ಟದಿಂದ ಕರಿಮೆಣಸು, ಕಾಫಿ ಮೂಟೆಗಳನ್ನು ಹೇರಿಕೊಂಡು ಕಲ್ಲಿಕೋಟೆಯ ವಲಿಯಂಗಾಡಿಗೆ ಇಳಿಯುವುದು, ಬರುವಾಗ ಅಂಗಡಿಗೆ ಬೇಕಾದ ಬೆಲ್ಲ, ಬೇಳೆ, ಅಕ್ಕಿ ತರುವುದು ಅದರ ಕೆಲಸ. ನಾವು ಎಂದರೆ ಅಣ್ಣ ತಮ್ಮ ಇಬ್ಬರು. ಅಂಗಡಿ, ತೋಟ ಒಟ್ಟಿಗಿರುವುದರಿಂದ ಗಾಡಿಯ ಲಾಭನಷ್ಟವೂ ಒಟ್ಟಿಗೇ. ಹೊಸದನ್ನು ಕೊಳ್ಳೋಣವೆಂದು ಒಮ್ಮೆ ಹೋಗಿ ಬೆಲೆ ಕೇಳಿ ಸುಮ್ಮನೆ ಹಿಂದಿರುಗಿದೆವು. ಅಂದಿನಿಂದ ಹಳೆಯದರ ಚಾಕರಿಯನ್ನು ಸಾಧ್ಯವಾದಷ್ಟು ನಮ್ಮ ಕೈಯಿಂದಲೇ ಮಾಡಿಕೊಂಡು ಬಂದಿದ್ದೇವೆ.

ಸ್ಪ್ಯಾನರ್ ಹಿಡಿಯುವುದನ್ನು ನಮಗೆ ಕಲಿಸಿದವರು ನಮ್ಮ ಡ್ರೈವರ್. ಗಾಡಿ ಬಂದ ದಿನದಿಂದಲೂ ಅವರೇ ಓಡಿಸುತ್ತಿದ್ದರು. ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಹಿರಿಯರು, ಮಾಪಿಳ್ಳೆ ಮನೆತನದವರು. ನಾವೂ ಮಕ್ಕಳೂ ಅವರನ್ನು ಇಕ್ಕ ಎಂದೇ ಕರೆಯುವುದು. ಅವರು ನಮ್ಮನ್ನು ಗೌಡರೇ ಎನ್ನುತ್ತಿದ್ದರು. ಗಾಡಿಯ ಅಡಿಗೆ ನುಗ್ಗುವ ಮೊದಲು ಜಾಕಿಯೊಂದನ್ನೇ ನಂಬಬಾರದು, ಚಾಸಿಸ್ಸಿನ ಕೆಳಗೆ ಸಿಲ್ವರ್ ಓಕಿನ ದಪ್ಪ ತುಂಡನ್ನು ಕೊಡಬೇಕು, ಎದುರಿನ ಚಕ್ರಕ್ಕೆ ಕಲ್ಲು ಇಡಬೇಕು ಎನ್ನುವುದು ಅವರ ಮೊದಲ ಪಾಠ. ಆ ಪಾಠವನ್ನು ನಾವು ಇಂದಿಗೂ ಮೀರಿಲ್ಲ.

ಗಾಡಿಗೆ ವಿಶ್ರಾಂತಿ ಸಿಗುವುದು ಮಳೆಗಾಲದಲ್ಲಿ. ಮೆಣಸಿನ ಓಡಾಟ ಮುಗಿದಿರುತ್ತದೆ, ವಯನಾಡಿನ ಮಳೆಯೂ ಹಿಡಿದಿರುತ್ತದೆ. ಚಾತುರ್ಮಾಸದಲ್ಲಿ ಮುನಿಗಳು ಒಂದೆಡೆ ನಿಲ್ಲುವ ಹಾಗೆ ನಮ್ಮ ಪಿಕಪ್ಪೂ ನಿಂತಿದೆ ಎಂದು ಮನೆಯ ಹೆಂಗಸರು ನಗುವುದುಂಟು. ಅಮ್ಮನಿಗೆ ಆ ಹಾಸ್ಯ ಹಿಡಿಸುವುದಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿಯ ಅಡಿಗೆ ಅಂಟಿದ ಕೆಸರನ್ನು ಕೆರೆದು ತೊಳೆಯುವುದು ಮೊದಲ ಕೆಲಸ, ಏಕೆಂದರೆ ಒದ್ದೆ ಕೆಸರಿನ ಹಿಂದೆಯೇ ತುಕ್ಕು ಕೂರುತ್ತದೆ. ಆಮೇಲೆ ಸ್ಪ್ರಿಂಗ್ ಪ್ಲೇಟಿನ ಶ್ಯಾಕಲ್‌ಗಳಿಗೂ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೂ ಹಳೆಯ ಗ್ರೀಸು ಹೊರಕ್ಕೆ ಬರುವವರೆಗೆ ಹೊಸ ಗ್ರೀಸು ಒತ್ತಬೇಕು. ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಹೂವಿನಂತೆ ಅರಳಿದ ಪುಡಿಗೆ ಬಿಸಿನೀರು ಸುರಿದು, ಒರೆಸಿ, ವ್ಯಾಸಲೀನು ಸವರಿದರೆ ಸಾಕು. ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ನೀರನ್ನು ಇಳಿಸುವುದು ಎರಡು ನಿಮಿಷದ ಕೆಲಸ. ಫಿಲ್ಟರನ್ನೇ ಬದಲಿಸಿದರೆ ಮಾತ್ರ ಕೈಪಂಪಿನಿಂದ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಎಬ್ಬಿಸಬೇಕು, ಇಲ್ಲದಿದ್ದರೆ ಇಂಜಿನ್ ಎಷ್ಟು ತಿರುಗಿಸಿದರೂ ಹಿಡಿಯುವುದಿಲ್ಲ. ಇಂಜಿನ್ ಆಯಿಲ್ ಬದಲಿಸಿದ ಎರಡೇ ದಿನಕ್ಕೆ ಕಪ್ಪಾಯಿತೆಂದು ಗಾಬರಿಪಡುವವರಿದ್ದಾರೆ. ಡೀಸೆಲ್ ಇಂಜಿನ್ನಿನಲ್ಲಿ ಅದು ಕಪ್ಪಾಗಲೇಬೇಕು, ಮಸಿಯನ್ನು ತನ್ನಲ್ಲಿ ಹಿಡಿದುಕೊಳ್ಳುವುದೇ ಅದರ ಕೆಲಸ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಹೆದರಬೇಕು, ಆಗ ಆಯಿಲಿಗೆ ನೀರು ಸೇರಿದೆ ಎಂದರ್ಥ.

ತೆಗೆದ ಹಳೆಯ ಆಯಿಲನ್ನು ಅಂಗಳದ ಮೂಲೆಗೆ ಸುರಿಯುವ ಅಭ್ಯಾಸ ಹಿಂದೆ ನಮಗೂ ಇತ್ತು. ಮರುದಿನ ಅಲ್ಲಿ ಸತ್ತು ಬಿದ್ದಿದ್ದ ಇರುವೆ ಸಾಲನ್ನು ಅಮ್ಮ ತೋರಿಸಿದ ಮೇಲೆ ಡಬ್ಬಿಯಲ್ಲಿ ತುಂಬಿಟ್ಟು ಹಳೆ ಆಯಿಲ್ ಕೊಳ್ಳುವವರಿಗೆ ಕೊಡುತ್ತೇವೆ. ಒಂದು ವರ್ಷ ಹಾರ್ನಿನ ಬಾಯಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿ ಹಾರ್ನು ಗಂಟಲು ಕಟ್ಟಿದವರಂತೆ ಕೂಗತೊಡಗಿತು. ಗೂಡಿನೊಳಗೆ ಮರಿಗಳಿರುತ್ತವೆ, ಕೀಳಬೇಡಿ ಎಂದರು ಅಮ್ಮ. ಅವು ಹಾರಿಹೋಗುವವರೆಗೆ ಬೇರೊಂದು ಹಾರ್ನನ್ನು ಮಗ್ಗುಲಿಗೆ ಕಟ್ಟಿ ಓಡಿಸಿದೆವು. ಇಕ್ಕ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕರು.

ಇಷ್ಟೆಲ್ಲ ಕಲಿತದ್ದರಿಂದ ನಮಗೆ ಸ್ವಲ್ಪ ಜಂಬ ಬಂದಿತ್ತು ಎಂದು ಒಪ್ಪಿಕೊಳ್ಳಬೇಕು.

2022ರ ಫೆಬ್ರವರಿ, ಮೆಣಸಿನ ಕಾಲ. ಒಂದು ಸಂಜೆ ಬಾನೆಟ್ ಎತ್ತಿದಾಗ ಬ್ರೇಕಿನ ಡಬ್ಬಿಯಲ್ಲಿ ಮಟ್ಟ ಕೆಳಗಿಳಿದಿದ್ದು ಕಂಡಿತು. ಪ್ಯಾಡು ಸವೆದಂತೆಲ್ಲ ಮಟ್ಟ ಇಳಿಯುವುದು ಸಹಜ, ಮೊದಲು ಪ್ಯಾಡು ನೋಡಬೇಕಿತ್ತು. ನೋಡಲಿಲ್ಲ. ಹೊತ್ತು ಮುಳುಗುವುದರಲ್ಲಿತ್ತು, ಊಟಕ್ಕೆ ಒಳಗಿನಿಂದ ಎರಡು ಬಾರಿ ಕರೆ ಬಂದಿತ್ತು. ಶೆಲ್ಫಿನಿಂದ ಒಂದು ಡಬ್ಬಿ ತೆಗೆದು, ಮಟ್ಟ ಗೆರೆಗೆ ಬರುವಷ್ಟು ಸುರಿದು, ಮುಚ್ಚಳ ಬಿಗಿದು, ಕೈ ತೊಳೆದು ಊಟಕ್ಕೆ ಕೂತೆವು. ಸುರಿದ ಕೈ ಅಣ್ಣನದೋ ತಮ್ಮನದೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಅಲ್ಲಿಯೇ ಇದ್ದೆವು.

ನಾಲ್ಕನೆಯ ದಿನ ಇಕ್ಕ ಅಂಗಡಿಗೆ ಬಂದು, "ಗೌಡರೇ, ಪೆಡಲ್ ಗಟ್ಟಿಯಾಗಿದೆ. ಕಾಲು ತೆಗೆದರೂ ಗಾಡಿಯನ್ನು ಹಿಂದಿನಿಂದ ಯಾರೋ ಹಿಡಿದುಕೊಂಡಂತಿದೆ, ಒಮ್ಮೆ ಬಿಚ್ಚಿ ನೋಡಬೇಕು" ಎಂದರು. ಈ ಲೋಡು ಇಳಿಸಿ ಬನ್ನಿ, ಭಾನುವಾರ ನೋಡೋಣ ಎಂದೆವು. ಮೆಣಸಿನ ಬೆಲೆ ಆ ವಾರ ಚೆನ್ನಾಗಿತ್ತು.

ಲಕ್ಕಿಡಿಯಿಂದ ಅಡಿವಾರಕ್ಕೆ ಇಳಿಯುವ ತಾಮರಶ್ಶೇರಿ ಚುರದಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಕೆಳಗಿನಿಂದ ಎಣಿಸಿಕೊಂಡು ಬರುವುದರಿಂದ ಇಳಿಯುವವರಿಗೆ ಮೊದಲು ಸಿಗುವುದು ಒಂಬತ್ತನೆಯದು. ಏಳನೆಯದನ್ನು ದಾಟಿದ ಮೇಲೆ ಇಕ್ಕನಿಗೆ ಸುಟ್ಟ ವಾಸನೆ ಬಂತು. ಆರನೆಯದಕ್ಕೆ ಮುಂಚೆ ಪೆಡಲ್ ಒತ್ತಿದರೆ ಅದು ಸೀದಾ ನೆಲ ಮುಟ್ಟಿತು. ಹಿಂದೆ ಇಪ್ಪತ್ತು ಮೂಟೆ ಮೆಣಸು, ಎದುರಿಗೆ ಏರಿ ಬರುತ್ತಿದ್ದ ಬಸ್ಸು. ಅವರು ಗೇರು ಇಳಿಸಿ, ಹ್ಯಾಂಡ್ ಬ್ರೇಕು ಎಳೆದು, ಎಡಕ್ಕಿದ್ದ ಗುಡ್ಡದ ಬುಡದ ಚರಂಡಿಗೆ ಚಕ್ರ ಇಳಿಸಿದರು. ಗಾಡಿ ಬಂಡೆಗೆ ಉಜ್ಜಿಕೊಂಡು ನಿಂತಿತು. ಬಲಕ್ಕೆ ತಿರುಗಿಸಿದ್ದರೆ ಕೆಳಗೆ ಕಣಿವೆ. ಅವರ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಈಗ ಬರೆಯಲು ಕಷ್ಟವಾಗುವ ಮಾತು. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಸಿರಬೇಕು, ಬ್ರೇಕಿನ ಮೇಲೆಯೇ ಕಾಲಿಟ್ಟಿರಬೇಕು, ಅದಕ್ಕೇ ಕಾದಿದೆ ಎಂದು ನಾವು ತೀರ್ಮಾನಿಸಿದೆವು. ಇಲ್ಲವೆಂದು ಅವರು ಒಮ್ಮೆ ಹೇಳಿದರು, ಎರಡನೆಯ ಸಲ ಹೇಳಲಿಲ್ಲ. ಆಸ್ಪತ್ರೆಯ ಖರ್ಚನ್ನು ನಾವೇ ಕೊಟ್ಟೆವು. ಕೊಟ್ಟೆವೆಂಬ ಸಮಾಧಾನದಲ್ಲೇ ಉಳಿದದ್ದನ್ನು ಮುರಿದುಕೊಂಡೆವು. ಮಗಳ ಮದುವೆಗೆಂದು ಅವರು ತಿಂಗಳು ತಿಂಗಳು ಸಂಬಳದಲ್ಲಿ ಒಂದಿಷ್ಟು ನಮ್ಮಲ್ಲಿಯೇ ಬಿಟ್ಟಿದ್ದರು. ಬ್ಯಾಂಕಿಗಿಂತ ನಿಮ್ಮ ಪುಸ್ತಕ ವಾಸಿ ಎನ್ನುತ್ತಿದ್ದರು. ಗಾಡಿ ಎಳೆಸಿದ್ದು, ಮೂಟೆಗಳನ್ನು ಬೇರೆ ಗಾಡಿಗೆ ಹಾಕಿಸಿದ್ದು, ಬಾಗಿಲು ಮಡ್‌ಗಾರ್ಡು ಸೇರಿ 18,400 ರೂಪಾಯಿಯನ್ನು ಆ ಖಾತೆಯಲ್ಲಿ ಖರ್ಚು ಬರೆದು, ಉಳಿಕೆಯನ್ನು ಎಣಿಸಿ ಕೊಟ್ಟೆವು. ಅವರು ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಗಾಡಿ ಶೆಡ್ಡು ಸೇರಿತು. ಆ ವರ್ಷದ ಮಿಕ್ಕ ಮೆಣಸು ಬಾಡಿಗೆ ಗಾಡಿಯಲ್ಲಿ ಹೋಯಿತು.

ಮಳೆ ಹಿಡಿದ ಮೇಲೆ ಬ್ರೇಕು ಬಿಚ್ಚಿದೆವು. ಡಬ್ಬಿಯ ಮುಚ್ಚಳದ ಒಳಗಿನ ರಬ್ಬರೇ ಉಬ್ಬಿ ಸೊಟ್ಟಗಾಗಿ ತನ್ನ ಜಾಗದಲ್ಲಿ ಕೂರುತ್ತಿರಲಿಲ್ಲ. ಮಾಸ್ಟರ್ ಸಿಲಿಂಡರಿನ ರಬ್ಬರುಗಳು ರಾತ್ರಿ ನೆನೆಹಾಕಿದ ಅವರೆಕಾಳಿನಂತೆ ದಪ್ಪಗಾಗಿದ್ದವು, ಬೆರಳಿಗೆ ಮೆತ್ತಗೆ ಜಾರುತ್ತಿದ್ದವು. ಒಳಗಿದ್ದದ್ದನ್ನು ಗಾಜಿನ ಲೋಟಕ್ಕೆ ಬಸಿದಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ಎರಡು ಪದರವಾಗಿ ನಿಂತಿತು. ಮೇಲಿನ ಪದರದ ಹನಿಯನ್ನು ನೀರಿಗೆ ಬಿಟ್ಟರೆ ತೇಲಿತು. ಶೆಲ್ಫಿಗೆ ಹೋಗಿ ನೋಡಿದೆವು. ಬ್ರೇಕಿನ ಡಬ್ಬಿ ಸೀಲು ಒಡೆಯದೆ ಹಾಗೆಯೇ ಇತ್ತು. ಪಕ್ಕದಲ್ಲಿ ಅದೇ ಎತ್ತರದ, ಲೇಬಲ್ ಮಾಸಿದ ಡಬ್ಬಿಯೊಂದು ಅರ್ಧವಾಗಿತ್ತು. ಅದು ಜಾಕಿಗೆ ಹಾಕುವ ಎಣ್ಣೆ.

ಬ್ರೇಕ್ ಆಯಿಲ್ ಎಂದು ನಾವೆಲ್ಲ ಬಾಯಿಮಾತಿಗೆ ಹೇಳುತ್ತೇವೆ. ಡಾಟ್ 3, ಡಾಟ್ 4 ಎಂದು ಬರೆದಿರುವ ಆ ದ್ರವ ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯದು. ನೀರಿಗೆ ಬಿಟ್ಟರೆ ಕರಗಿಹೋಗುತ್ತದೆ. ಬ್ರೇಕಿನ ರಬ್ಬರುಗಳು ಅದಕ್ಕೆ ಹೊಂದುವಂಥವು, ಖನಿಜ ತೈಲ ತಗಲಿದರೆ ಅದನ್ನು ಕುಡಿದು ಉಬ್ಬುತ್ತವೆ. ಪೆಡಲ್ ಬಿಟ್ಟಾಗ ಒತ್ತಡ ಡಬ್ಬಿಗೆ ಹಿಂದಿರುಗಲು ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿಮೊನೆ ಹೋಗುವಷ್ಟು ಸಣ್ಣ ರಂಧ್ರವೊಂದಿದೆ. ಉಬ್ಬಿದ ರಬ್ಬರು ಅದನ್ನು ಮುಚ್ಚಿದರೆ ಬ್ರೇಕು ಹಿಡಿದದ್ದು ಬಿಡುವುದಿಲ್ಲ. ಇಕ್ಕ ಹೇಳಿದ 'ಯಾರೋ ಹಿಡಿದುಕೊಂಡಂತಿದೆ' ಎಂಬುದು ಇದೇ. ಹಿಡಿದೇ ಓಡಿದರೆ ಚಕ್ರ ಕಾಯುತ್ತದೆ, ದ್ರವ ಕುದಿಯುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋದದ್ದು ಹಾಗೆ. ಹೊಸ ಡಾಟ್ 3 ದ್ರವ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿ ಹಳತಾದದ್ದಕ್ಕೆ ಈ ಮಿತಿ 140. ನಮ್ಮಂಥ ಮಳೆನಾಡಿನಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕಾದದ್ದು ಇದಕ್ಕೇ. ನಮ್ಮದನ್ನು ಬದಲಿಸಿ ಎಷ್ಟು ವರ್ಷವಾಗಿತ್ತೋ ಲೆಕ್ಕವಿರಲಿಲ್ಲ. ಮೆಣಸಿನ ತೂಕದ ಲೆಕ್ಕ ಗ್ರಾಮಿನವರೆಗೂ ಇತ್ತು.

ಆ ರಾತ್ರಿ ಇಬ್ಬರಿಗೂ ಮಾತಿರಲಿಲ್ಲ. ಹೋಗಿ ಹೇಳಬೇಕೆಂದು ಗೊತ್ತಿತ್ತು, ಆದರೆ ದಿನ ಮುಂದೂಡಿದೆವು. ಮೊದಲು ಗಾಡಿ ಸರಿಯಾಗಲಿ ಎಂದು ನೆಪ ಹೇಳಿಕೊಂಡೆವು. ರಬ್ಬರ್ ಕಿಟ್ ತಂದು ಮಾಸ್ಟರ್ ಸಿಲಿಂಡರು, ಮುಂದಿನ ಕ್ಯಾಲಿಪರು, ಹಿಂದಿನ ವೀಲ್ ಸಿಲಿಂಡರುಗಳನ್ನು ತೊಳೆದು ಕಟ್ಟಿದೆವು. ದಶಲಕ್ಷಣ ಪರ್ವ ಬಂತು. ಆ ವರ್ಷ ಓಣಂನ ಮರುದಿನವೇ ಅನಂತ ಚತುರ್ದಶಿ. ಪುಳಿಯಾರ್ಮಲೆಯ ಅನಂತನಾಥ ಸ್ವಾಮಿಯ ಬಸದಿಗೆ ಹೋಗಿ ಬಂದು, ಕ್ಷಮಾವಣಿಗೆಂದು ಬಂಧುಗಳಿಗೆಲ್ಲ ಫೋನಿನಲ್ಲಿ ಸಂದೇಶ ಕಳಿಸುತ್ತಿದ್ದೆವು. ಮೈಸೂರಿನಲ್ಲಿರುವ, ವರ್ಷದಲ್ಲಿ ಒಮ್ಮೆಯೂ ಮುಖ ನೋಡದ ಷಡ್ಡಕನ ಭಾವನಿಗೂ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳಿಯಾಗಿತ್ತು. ಅಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದವರು, "ಇಕ್ಕನಿಗೆ ಕಳಿಸಿದಿರಾ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ವೈತಿರಿಯ ಹತ್ತಿರ ಅವರ ಮನೆಗೆ ಹೋದೆವು. ಆಟೋ ಓಡಿಸಲು ಹೊರಡುವುದರಲ್ಲಿದ್ದರು. ಉಬ್ಬಿದ ರಬ್ಬರೊಂದನ್ನು ಕಾಗದದಲ್ಲಿ ಕಟ್ಟಿ ಒಯ್ದಿದ್ದೆವು. ಅದನ್ನು ಮುಂದಿಟ್ಟು ಎಲ್ಲವನ್ನೂ ಹೇಳಿದೆವು. ಅವರು ರಬ್ಬರನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾಲ್ಕು ದಿನಕ್ಕೇ ಬಂದು ಹೇಳಿದ್ದೆ" ಎಂದರು. ಹೌದು ಎಂದೆವು. ಅದಕ್ಕಿಂತ ಹೆಚ್ಚು ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. 18,400ನ್ನು ಏಳು ತಿಂಗಳ ಬಡ್ಡಿ ಸೇರಿಸಿ ಕೊಟ್ಟೆವು. ಅವರು ಎಣಿಸಿ, ಬಡ್ಡಿಯ ಹಣವನ್ನು ಬೇರೆ ಮಾಡಿ, ಅದು ನಮಗೆ ಆಗದು ಎಂದು ಹಿಂದಕ್ಕೆ ಕೊಟ್ಟರು. ಕೆಲಸಕ್ಕೆ ಬನ್ನಿ ಎಂದು ಕರೆದೆವು. ಆಟೋ ಸಾಕು, ಸಂಜೆಗೆ ಮನೆ ಸೇರುತ್ತೇನೆ ಎಂದರು. ಅವರ ಹೆಂಡತಿ ಚಹಾ ತಂದರು. ಅಂದು ನಾವು ಕುಡಿದ ಚಹಾದ ರುಚಿ ನೆನಪಿಲ್ಲ. ಮನೆಗೆ ಬಂದು ಪುಸ್ತಕದಲ್ಲಿ ಅವರ ಖಾತೆಯ ಖರ್ಚನ್ನು ಹೊಡೆದು ನಮ್ಮ ಖಾತೆಗೆ ಬರೆದೆವು.

ಮುಂದಿನ ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಆಟೋ ಬಂದು ನಿಂತಿತು. ಇಕ್ಕ ಇಳಿದು, ಯಾರನ್ನೂ ಕರೆಯದೆ, ಸೀದಾ ಶೆಡ್ಡಿಗೆ ಹೋಗಿ ಮಂಡಿಯೂರಿ ಚಕ್ರದ ಹಿಂದೆ ಇಣುಕಿದರು. "ರಬ್ಬರ್ ಪೈಪು ಬದಲಿಸಿಲ್ಲ" ಎಂದರು. ಹೊರಗೆ ನೋಡಲು ಚೆನ್ನಾಗಿಯೇ ಇತ್ತು, ಅದಕ್ಕೇ ಬಿಟ್ಟಿದ್ದೆವು. "ಹೊರಗೆ ಚೆನ್ನಾಗಿರುತ್ತದೆ. ಒಳಗೆ ಉಬ್ಬಿ ದಾರಿ ಮುಚ್ಚಿರುತ್ತದೆ. ಎಣ್ಣೆ ಮುಟ್ಟಿದ ಒಂದು ರಬ್ಬರನ್ನೂ ಬಿಡಬಾರದು." ಏರ್ ತೆಗೆದದ್ದು ಯಾವ ಚಕ್ರದಿಂದ ಎಂದು ಕೇಳಿದರು. ಡ್ರೈವರ್ ಬದಿಯ ಮುಂದಿನದರಿಂದ ಎಂದೆವು. ತಲೆಯಾಡಿಸಿದರು. ಡಬ್ಬಿಗೆ ಅತಿ ದೂರದ್ದರಿಂದ, ಎಂದರೆ ಹಿಂದಿನ ಎಡ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬರಬೇಕಿತ್ತು.

ಅದರ ಮುಂದಿನ ಭಾನುವಾರ ಹೊಸ ಪೈಪುಗಳು ಬಂದಿದ್ದವು. ಇಕ್ಕ ಸೀಟಿನಲ್ಲಿ ಕೂತರು. ನಮ್ಮಲ್ಲೊಬ್ಬರು ಸ್ಪ್ಯಾನರ್ ಹಿಡಿದು ಅಡಿಗೆ ಹೋದೆವು, ಇನ್ನೊಬ್ಬರು ಡಬ್ಬಿ ಖಾಲಿಯಾಗದಂತೆ ದ್ರವ ಹಾಕುತ್ತ ನಿಂತೆವು. ಮೂರು ಸಲ ಒತ್ತಿ ಹಿಡಿದುಕೊಳ್ಳುವುದು, ಸ್ಕ್ರೂ ಸಡಿಲಿಸುವುದು, ಪ್ಲಾಸ್ಟಿಕ್ ಕೊಳವೆಯಿಂದ ಗುಳ್ಳೆ ಬರುವುದನ್ನು ನೋಡುವುದು, ಬಿಗಿದ ಮೇಲಷ್ಟೇ ಕಾಲು ತೆಗೆಯುವುದು. ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ಬೆನ್ನು ಹಿಡಿದುಕೊಂಡಿತ್ತು. ಹೊಸ ಡಬ್ಬಿ ತೆರೆಯುವಾಗಲೆಲ್ಲ ಲೇಬಲನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸವನ್ನು ಅವರು ನಮ್ಮ ಚಿಕ್ಕ ಹುಡುಗಿಗೆ ವಹಿಸಿದ್ದರು.

ಕೊನೆಗೆ ಪೆಡಲನ್ನು ಇನ್ನೊಮ್ಮೆ ಒತ್ತಿ ಹಿಡಿದು, ಬಿಟ್ಟು, ಕೆಳಗಿಳಿದು ಕೈ ಒರೆಸಿಕೊಂಡರು. "ಗೌಡರೇ, ನಾಳೆ ಖಾಲಿ ಗಾಡಿಯಲ್ಲಿ ಲಕ್ಕಿಡಿವರೆಗೆ ಹೋಗಿ ಬನ್ನಿ, ಚುರ ಇಳಿಯಬೇಡಿ. ನಿಲ್ಲಿಸಿದಾಗ ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಫೋನ್ ಮಾಡಿ" ಎಂದು ಹೇಳಿ, ಹೊತ್ತು ಮುಳುಗುವ ಮೊದಲು ಆಟೋ ಹತ್ತಿದರು.